ಅತ್ತಿಗೆಯ ಕೈಗುಣ, ನನ್ನ ಹೊಟ್ಟೆಕಿಚ್ಚು

ಮೊನ್ನೆ ನಮ್ಮ ಶಾಲೆಯ ನೀರಿನ ಸಂಪು ತೊಳೆಸಿದರು. ಬ್ಲೀಚಿಂಗ್ ಪುಡಿ ಕದಡಿದ ಬಕೆಟ್ಟನ್ನು ಸ್ಟಾಫ್ ರೂಮಿನ ಬಾಗಿಲಲ್ಲೇ ಇಟ್ಟಿದ್ದರು. ನನ್ನ ಪಕ್ಕದ ವಿಜ್ಞಾನದ ಮೇಡಂ ಸೆರಗಿನಿಂದ ಮೂಗು ಮುಚ್ಚಿಕೊಂಡು ಆಚೆ ಹೋದರು. ನಾನು ಹೋಗಲಿಲ್ಲ. ಆ ವಾಸನೆ ಮೂಗಿಗೆ ಏರಿದ ಹಾಗೆಲ್ಲ ಒಂದು ಹಳೆಯ ಉರಿ ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು. ಅದು ಯಾವ ಉರಿ ಎಂದು ನನಗೆ ಚೆನ್ನಾಗಿ ಗೊತ್ತು. ಅದರ ಹೆಸರು ಮಂಜುಳ. ನಮ್ಮಣ್ಣನ ಹೆಂಡತಿ.

ನಾನು ಈಗ ಚಿಂತಾಮಣಿಯಲ್ಲಿ ಮೇಷ್ಟ್ರಮ್ಮ. ಹೇಳುತ್ತಿರುವುದು ಅದಕ್ಕೆ ಮುಂಚಿನ ಒಂದು ಮಳೆಗಾಲದ ಮಾತು. ಬಿ.ಎಡ್. ಮುಗಿದಿತ್ತು, ಪರೀಕ್ಷೆ ಬರೆದಿದ್ದೆ, ನೇಮಕದ ಪಟ್ಟಿ ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಸಾದಲಿ ಹೋಬಳಿಯ ನಮ್ಮೂರಿನಲ್ಲಿ ಕೂತಿದ್ದೆ. ಕೂತಿದ್ದೆ ಎಂದರೆ ಸುಳ್ಳಾಗುತ್ತದೆ. ನಮ್ಮ ಕಾಲೊನಿಯಲ್ಲಿ ಹೆಣ್ಣುಮಕ್ಕಳು ಕೂರುವುದಿಲ್ಲ. ಅಜ್ಜಿಯ ಜೊತೆ ಬೆಳಗ್ಗೆ ಎದ್ದು ರತ್ನಮ್ಮನವರ ತೋಟಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗುತ್ತಿದ್ದೆ. ಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ನನ್ನ ಪದವಿಯ ಫೋಟೊ, ಫೋಟೊದ ಕೆಳಗೆ ಸೊಪ್ಪಿನ ಕುಡುಗೋಲು ಒರಗಿರುತ್ತಿತ್ತು.

ರತ್ನಮ್ಮ ಊರಿನ ದೊಡ್ಡ ಬೇಸಾಯದ ಮನೆಯವರು. ಗಂಡ ಮಾರ್ಕೆಟ್ಟು ಬ್ಯಾಂಕು ಎಂದು ಶಿಡ್ಲಘಟ್ಟದಲ್ಲೇ ಇರುತ್ತಿದ್ದರು, ರೇಷ್ಮೆಹುಳು ಸಾಕಣೆಯ ಯಜಮಾನಿಕೆ ಪೂರ್ತಿ ಈಕೆಯದು. ಕೆಟ್ಟ ಹೆಂಗಸೇನಲ್ಲ. ಬೈಯುವುದು ಕಡಿಮೆ, ಕೂಲಿ ನಿಲ್ಲಿಸಿದವರಲ್ಲ, ಯಾರಿಗಾದರೂ ಹೆರಿಗೆ ನೋವು ಬಂದರೆ ಅವರ ಮನೆಯ ಕಾರೇ ಓಡುತ್ತಿತ್ತು. ಆದರೆ ಹಿತ್ತಿಲಿನಲ್ಲಿದ್ದ ಹುಳುಮನೆಯೊಳಕ್ಕೆ ನಮ್ಮವರ ಕಾಲು ಬೀಳಬಾರದು. ಅದಕ್ಕೆ ಆಕೆ ಹಳೆಯ ಕಾಲದವರಂತೆ ಮೈಲಿಗೆ ಗೀಲಿಗೆ ಎನ್ನುತ್ತಿರಲಿಲ್ಲ. ಹೊರಗಿನವರು ಬಂದರೆ ಹುಳುವಿಗೆ ಹಾಲುರೋಗ ಬರುತ್ತದೆ, ರೇಷ್ಮೆ ಇಲಾಖೆಯವರೇ ಹೇಳಿದ್ದಾರೆ ಎನ್ನುತ್ತಿದ್ದರು. ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಅಗಲವಾದ ತಟ್ಟೆ ಇತ್ತು. ಬೆಂಗಳೂರಿನಿಂದ ನೆಂಟರು ಬಂದರೆ ಅದರಲ್ಲಿ ಕಾಲದ್ದಿ ಒಳಗೆ ಹೋಗಿ ಹುಳುವಿನ ಜೊತೆ ಸೆಲ್ಫಿ ತೆಗೆದುಕೊಂಡು ಬರುತ್ತಿದ್ದರು. ನೆಂಟರ ಕಾಲನ್ನು ಆ ನೀರು ತೊಳೆಯುತ್ತಿತ್ತು. ನಮ್ಮ ಕಾಲನ್ನು ತೊಳೆಯುವಷ್ಟು ಗಟ್ಟಿ ಬ್ಲೀಚಿಂಗ್ ಇನ್ನೂ ಯಾವ ಕಂಪನಿಯೂ ಮಾಡಿರಲಿಲ್ಲ.

ಹಾಗಾಗಿ ಆ ಮನೆಯಲ್ಲಿ ಒಳಗಿನ ಕೈ, ಹೊರಗಿನ ಕೈ ಎಂದು ಎರಡಿದ್ದವು. ನಾವು ಸೊಪ್ಪಿನ ಹೊರೆಯನ್ನು ಬಾಗಿಲ ತನಕ ಹೊತ್ತು ಇಳಿಸಬೇಕು, ಅಲ್ಲಿಂದ ಒಳಗಿನವರು ಎತ್ತಿಕೊಳ್ಳಬೇಕು. ಕಡೆಗೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ, ಅವರು ಒಳಗೆ ಹಣ್ಣುಹುಳುಗಳನ್ನು ಆಯ್ದು ಬುಟ್ಟಿಯಲ್ಲಿ ಆಚೆ ಕೊಡುತ್ತಿದ್ದರು. ನಾವು ಅಂಗಳದ ಚಪ್ಪರದಲ್ಲಿ ಕೂತು ಅವನ್ನು ಗೂಡು ಕಟ್ಟಲು ಹೆಣೆದ ಬಿದಿರಿನ ತಟ್ಟಿಗಳ, ಅಂದರೆ ಚಂದ್ರಿಕೆಗಳ ಮೇಲೆ ಬಿಡುತ್ತಿದ್ದೆವು. ಮೇಯುವ ಹುಳುವಿಗೆ ನಮ್ಮ ಕೈ ತಾಗಬಾರದು, ಹಣ್ಣಾದ ಹುಳುವಿಗೆ ತಾಗಬಹುದು. ಇದು ಯಾವ ಇಲಾಖೆಯ ಲೆಕ್ಕವೋ ನನಗೆ ಈಗಲೂ ತಿಳಿಯದು.

ಕಾಫಿಗೂ ಹಾಗೆಯೇ. ಅಜ್ಜಿಯ ಕಾಲದಲ್ಲಿ ನಮಗೆ ಗೋಡೆಯ ಗೂಡಿನಲ್ಲಿ ಬೇರೆ ಲೋಟ ಇಡುತ್ತಿದ್ದರಂತೆ. ಈಗ ಕಾಲ ಬದಲಾಗಿತ್ತಲ್ಲ, ಕಾಗದದ ಕಪ್ಪು ಬಂದಿತ್ತು.

ಆ ಹುಳುಮನೆಯ ಬಾಗಿಲ ಮೇಲೆ ನನಗೆ ಚಿಕ್ಕಂದಿನಿಂದ ಕಣ್ಣು. ರತ್ನಮ್ಮನ ಮಗಳಿಗೆ ಹತ್ತನೇ ತರಗತಿಯ ಗಣಿತ ನಾನೇ ಹೇಳಿಕೊಟ್ಟದ್ದು, ಅವರ ಜಗುಲಿಯ ಮೇಲೆ ಕೂತು. ಹುಡುಗಿ ಪಾಸಾದಾಗ ರತ್ನಮ್ಮ ನನ್ನ ತಲೆ ಸವರಿದ್ದರು, ನೀನು ಬುದ್ಧಿವಂತೆ ಕಣಮ್ಮ ಎಂದಿದ್ದರು. ಒಂದಲ್ಲ ಒಂದು ದಿನ ಆ ಮನೆಯಲ್ಲಿ ಯಾರಾದರೂ ಒಳಗೆ ಬಾ ಎನ್ನುವುದಾದರೆ ಅದು ನನ್ನನ್ನೇ ಎಂದು ನಾನು ಮನಸ್ಸಿನಲ್ಲೇ ಟವೆಲು ಹಾಕಿ ಸೀಟು ಹಿಡಿದಿದ್ದೆ.

ಆಗ ಬಂದಳು ಮಂಜುಳ. ಗೌರಿಬಿದನೂರು ಕಡೆಯವಳು, ವಿದುರಾಶ್ವತ್ಥದ ಹತ್ತಿರ ಅವಳ ತೌರು. ಅವರಿಗೆ ಸ್ವಂತ ಜಮೀನಿತ್ತು, ಮನೆಯಲ್ಲೇ ಹುಳು ಸಾಕುತ್ತಿದ್ದರು. ನನಗಿಂತ ಚಿಕ್ಕವಳು, ನಾನು ಅತ್ತಿಗೆ ಎನ್ನಬೇಕು. ಆ ಸಂಕಟ ತಪ್ಪಿಸಿಕೊಳ್ಳಲು ನಾನು ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಅವಳು ಮಾತ್ರ ನನ್ನನ್ನು ಟೀಚರಮ್ಮ ಎನ್ನುತ್ತಿದ್ದಳು, ಕೆಲಸ ಸಿಗುವುದಕ್ಕೆ ಮುಂಚೆಯೇ. ಅದು ಪ್ರೀತಿಯೋ ಚುಚ್ಚೋ ಗೊತ್ತಾಗುತ್ತಿರಲಿಲ್ಲ.

ಆ ವರ್ಷ ರತ್ನಮ್ಮನಿಗೆ ಒಂದರ ಹಿಂದೆ ಒಂದು ಬೆಳೆ ಕೈಕೊಟ್ಟಿತ್ತು. ಹುಳು ಊದಿಕೊಂಡು, ಒಡೆದು, ಹಾಲು ಸುರಿಸಿ ಸತ್ತವು. ಬುಟ್ಟಿಗಟ್ಟಲೆ ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದ್ದರು. ತನ್ನ ಕೈಯೇ ಕೆಟ್ಟಿದೆ, ತಾನು ಮೊದಲ ಸೊಪ್ಪು ಹಾಕಿದರೆ ಹುಳು ಉಳಿಯುವುದಿಲ್ಲ ಎಂಬ ಭಯ ಆಕೆಗೆ ಹಿಡಿದಿತ್ತು. ನಮ್ಮ ಕಡೆ ಅದು ದೊಡ್ಡ ಮಾತು. ಮೊದಲ ಸೊಪ್ಪು ಯಾರ ಕೈಯಿಂದ ಬಿತ್ತು ಎನ್ನುವುದರ ಮೇಲೆ ಇಡೀ ಬೆಳೆ ನಿಂತಿದೆ ಎಂದು ನಂಬುವವರು ನಾವು. ನಂಬುವುದಿಲ್ಲ ಎನ್ನುವವರೂ ಒಳಗೊಳಗೆ ನಂಬುತ್ತೇವೆ.

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಗ್ಗೆ ಆಟೋದವನು ಮರಿಹುಳುಗಳ ತಟ್ಟೆಗಳನ್ನು ತಂದು ಜಗುಲಿಯ ಮೇಲಿಟ್ಟು ಹೊರಟುಹೋದ. ರತ್ನಮ್ಮ ಯಾರದೋ ನಾಮಕರಣಕ್ಕೆ ಹೋಗಿದ್ದರು, ಮನೆಗೆ ಬೀಗ. ಬಿಸಿಲು ಜಗುಲಿಗೆ ಹತ್ತುತ್ತಿತ್ತು. ನಾವೆಲ್ಲ ಸೊಪ್ಪಿನ ಹೊರೆ ಇಳಿಸಿ ದೂರ ನಿಂತು ನೋಡಿದೆವು. ನಾನೂ ನೋಡಿದೆ, ಮುಟ್ಟಿದರೆ ಏನೆನ್ನುತ್ತಾರೋ ಎಂದು. ಮಂಜುಳ ಮದುವೆಯಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ, ಅತ್ತೆಯಿಲ್ಲದ ಮನೆ ಎಂದು ಆಷಾಢಕ್ಕೆ ತೌರಿಗೂ ಹೋಗಿರಲಿಲ್ಲ, ಅವಳಿಗೆ ಈ ಊರಿನ ಗಡಿಗಳು ಗೊತ್ತಿರಲಿಲ್ಲ. ಸೀದಾ ಹೋಗಿ ತಟ್ಟೆಗಳನ್ನು ನೆರಳಿಗೆ ಎಳೆದು, ತನ್ನ ಟವೆಲು ಒದ್ದೆ ಮಾಡಿ ಹೊದಿಸಿ, ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಉದುರಿಸಿಬಿಟ್ಟಳು. ಅಷ್ಟರಲ್ಲಿ ರತ್ನಮ್ಮ ಬಂದರು. ನೋಡಿ ಮುಖ ಬಿಳಿಚಿಕೊಂಡಿತು.  ತಟ್ಟೆಗಳ ಸುತ್ತ ಗೋಮೂತ್ರ ಚಿಮುಕಿಸಿ ಒಳಗೆ ತೆಗೆದುಕೊಂಡು ಹೋದರು. ಮರಿಹುಳುಗಳನ್ನು ಆಚೆ ಎಸೆಯುವಂತಿರಲಿಲ್ಲ.

ಆ ಬೆಳೆ ಎಂಥ ಬೆಳೆ ಬಂತು ಎಂದರೆ, ಗೂಡು ಒಂದೊಂದೂ ಪಾರಿವಾಳದ ಮೊಟ್ಟೆಯ ಹಾಗೆ. ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ನೂಲು ತೆಗೆಯುವ ರೀಲರುಗಳು ಕೈಗೆತ್ತಿಕೊಂಡು ಕಿವಿಯ ಹತ್ತಿರ ಕುಲುಕಿ ನೋಡಿದರಂತೆ.

ಶ್ರಾವಣದಲ್ಲಿ ಮುಂದಿನ ಮರಿಹುಳು ಬಂದಾಗ ರತ್ನಮ್ಮನೇ ಅಂಗಳಕ್ಕೆ ಇಳಿದರು. ನಾವೆಲ್ಲ ಹೊರೆ ಹೊತ್ತು ನಿಂತಿದ್ದೆವು. ಆಕೆ ನನ್ನ ಕಡೆ ಬಂದ ಹಾಗೆ ಬಂದು, ನನ್ನನ್ನು ದಾಟಿ, ಮಂಜುಳನ ಮುಂದೆ ನಿಂತರು.

"ನೀನು ಕಾಲು ತೊಳ್ಕೊಂಡು ಒಳಗೆ ಬಾಮ್ಮ. ಮೊದಲ ಸೊಪ್ಪು ನೀನೇ ಹಾಕು. ನೀನು ಮಾತ್ರ."

ಮಂಜುಳ ನನ್ನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. ಆಮೇಲೆ ತಟ್ಟೆಯಲ್ಲಿ ಕಾಲದ್ದಿ ಒಳಗೆ ಹೋದಳು. ಅಷ್ಟು ತಲೆಮಾರಿನ ಬಾಗಿಲು, ಅಷ್ಟೇ ಸುಲಭ. ಒಂದು ಮೂಢನಂಬಿಕೆಯನ್ನು ಇನ್ನೊಂದು ಮೂಢನಂಬಿಕೆ ಗೆದ್ದಿತ್ತು. ನ್ಯಾಯವಾಗಿ ನಾನು ಖುಷಿಪಡಬೇಕಿತ್ತು. ನನ್ನ ಕಿವಿಯಿಂದ ಹೊಗೆ ಬರುವುದೊಂದು ಬಾಕಿ.

ಆಮೇಲಿನ ದಿನಗಳನ್ನು ಏನು ಹೇಳಲಿ. ದಿನವೂ ನಾನು ಹೊರೆಯನ್ನು ಬಾಗಿಲಿಗೆ ತಂದರೆ, ಒಳಗಿನಿಂದ ಎತ್ತಿಕೊಳ್ಳುವ ಕೈ ಮಂಜುಳನದು. ನಾನು ಆಚೆ, ಅವಳು ಒಳಗೆ, ಮಧ್ಯೆ ಹೊಸ್ತಿಲು. ಅವಳಿಗೆ ಸ್ಟೀಲ್ ಲೋಟದಲ್ಲಿ ಕಾಫಿ. ವರಮಹಾಲಕ್ಷ್ಮಿಗೆ ಅವಳಿಗೆ ಮಲ್ಲಿಗೆ, ಬಳೆ. ಸಂಜೆ ಸೆರಗಿನಲ್ಲಿ ಒಬ್ಬಟ್ಟು ಕಟ್ಟಿಕೊಂಡು ಬಂದು ನನಗೂ ಕೊಡುವಳು. ನಾನು ಹೊಟ್ಟೆ ಸರಿಯಿಲ್ಲ ಎನ್ನುವೆ. ಅದು ಪೂರ್ತಿ ಸುಳ್ಳೂ ಅಲ್ಲ. ಕಾಲೊನಿಯ ಹೆಂಗಸರು ಟೊಮೇಟೊ ಸಸಿಯನ್ನು ತಂದು ಮಂಜುಳನ ಕೈಯಲ್ಲಿ ಮುಟ್ಟಿಸಿಕೊಂಡು ಹೋಗತೊಡಗಿದರು. ಒಬ್ಬಾಕೆ ಕೋಳಿ ಕಾವಿಗೆ ಕೂರಿಸಲು ಕರೆದಳು. ಅಣ್ಣನಂತೂ ಆ ಕೈ ತಾನೇ ಕಡೆದಿಟ್ಟ ಹಾಗೆ ಓಡಾಡುತ್ತಿದ್ದ. ನನ್ನ ಬಿ.ಎಡ್. ಸರ್ಟಿಫಿಕೇಟನ್ನು ಯಾರೂ ಯಾವ ಸಸಿಗೂ ಮುಟ್ಟಿಸಲಿಲ್ಲ.

ಒಂದು ದಿನ ತಡೆಯಲಾರದೆ ಊಟದ ಹೊತ್ತಿನಲ್ಲಿ ಕೇಳಿದೆ. ನಮ್ಮೋರನ್ನೆಲ್ಲ ಆಚೆ ನಿಲ್ಲಿಸಿ ನಿನ್ನೊಬ್ಬಳನ್ನು ಕರೆದರೆ ಅದು ಮರ್ಯಾದೆಯಾ ಅವಮಾನವಾ, ನಿನಗೆ ಯೋಚನೆ ಬೇಡವಾ ಎಂದೆ. ಮಂಜುಳ ಮುದ್ದೆ ಮುರಿಯುತ್ತ, ಹೋಗದೆ ಇದ್ದರೆ ಅವರೇನು ನಿಮ್ಮನ್ನೆಲ್ಲ ಕರೀತಾರಾ ಟೀಚರಮ್ಮ ಎಂದಳು.  ಅವಳ ಮಾತು ಸರಿಯಾಗಿದ್ದದ್ದಕ್ಕೆ ಇನ್ನೂ ಉರಿಯಿತು. ನಾನು ಎದ್ದು ಹೋದ ಮೇಲೆ ಅಜ್ಜಿ ಹಿತ್ತಿಲಿಗೆ ಬಂದಳು. ನನ್ನ ಅಜ್ಜಿ ಮುನಿಯಮ್ಮ ಅರ್ಧ ತೆಲುಗು ಅರ್ಧ ಕನ್ನಡದ ಹೆಂಗಸು, ನನಗೆ ಮಾತು ಕಲಿಸಿದವಳು. ನನ್ನ ಹೊಟ್ಟೆಯ ಭೂಪಟ ಅವಳಿಗೆ ಬಾಯಿಪಾಠ.

"ಕಿಚ್ಚು ಒಳ್ಳೇದೇ ಕಣೇ," ಎಂದಳು. "ಸುಮ್ನೆ ಹೊಟ್ಟೇಲಿಟ್ಕೊಂಡ್ರೆ ಹೊಟ್ಟೆ ಸುಡ್ತದೆ. ಆಚೆ ತೆಗೆದು ಅದ್ರ ಮೇಲೆ ಏನಾನ ಬೇಯಿಸು."

ಹೇಗೆ ಬೇಯಿಸುವುದೋ ನನಗೆ ತಿಳಿಯಲಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ, ಆ ಕಿಚ್ಚಿನ ಅರ್ಧ ನ್ಯಾಯದ್ದೇ. ನಾವೆಲ್ಲ ಒಂದೇ ಬಸಿರಿನಿಂದ ಬಂದ ಹಾಗೆ ಒಂದೇ ಬಾಗಿಲಲ್ಲಿ ನಿಂತವರು, ಒಬ್ಬಳನ್ನು ಕರೆದು ಮಿಕ್ಕವರನ್ನು ಬಿಟ್ಟರೆ ಮಿಕ್ಕವರಿಗೆ ಉರಿಯಬೇಡವೇ? ಮಿಕ್ಕ ಅರ್ಧ ನನ್ನ ಸ್ವಂತದ್ದು. ಆ ಒಬ್ಬಳು ನಾನಾಗಲಿಲ್ಲ ಎನ್ನುವುದು.

ಭಾದ್ರಪದದಲ್ಲಿ ಮೂರನೇ ಬೆಳೆ. ಅದಕ್ಕೂ ಮೊದಲ ಸೊಪ್ಪು ಮಂಜುಳನದೇ. ಹುಳು ಬೆರಳುದ್ದ ಬೆಳೆದವು, ಗೂಡು ಕಟ್ಟಲು ಇನ್ನೆರಡು ದಿನ ಇದೆ ಎಂದುಕೊಂಡಿದ್ದರು. ಹಿಂದಿನ ದಿನದ ಸೆಖೆಗೆ ಬೆಳಗ್ಗೆ ನೋಡಿದರೆ ಎಲ್ಲ ಒಟ್ಟಿಗೆ ಹಣ್ಣಾಗಿಬಿಟ್ಟಿವೆ. ಹುಳು ಹಣ್ಣಾದರೆ ಮೈ ಜೇನಿನ ಬಣ್ಣಕ್ಕೆ ತಿರುಗಿ ಕನ್ನಡಿಯಾಗುತ್ತದೆ. ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಜಾಗ ಹುಡುಕುತ್ತದೆ. ಸಮಯಕ್ಕೆ ಚಂದ್ರಿಕೆಗೆ ಬಿಡದಿದ್ದರೆ ಕಸಕಡ್ಡಿಯಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ರತ್ನಮ್ಮ ಕಾಲೊನಿಗೆ ಹೇಳಿಕಳಿಸಿದರು. ನಾವು ಅಂಗಳಕ್ಕೆ ಬರುವುದಕ್ಕೂ ಮೂಡಲಿಂದ ಮೋಡ ಕವಿಯುವುದಕ್ಕೂ ಸರಿಹೋಯಿತು. ದಪ್ಪ ಹನಿ ಬೀಳತೊಡಗಿತು, ಗಾಳಿಗೆ ಚಪ್ಪರದ ಗರಿ ಹಾರಿತು. ಅಂಗಳದಲ್ಲಿ ಚಂದ್ರಿಕೆ ಇಡುವ ಹಾಗಿಲ್ಲ. ಹಣ್ಣುಹುಳುವಿಗೆ ನೀರು ಬಿದ್ದರೆ ಮುಗಿಯಿತು.

ಒಳಗೆ ರತ್ನಮ್ಮ, ಮಂಜುಳ, ರತ್ನಮ್ಮನ ಮುದಿ ನಾದಿನಿ. ಇಷ್ಟೇ ಕೈ. ಆಚೆ ಹುಳುಮನೆಯ ಸೂರಿನಡಿ ಒತ್ತಿಕೊಂಡು ನಾವು, ಕಾಲೊನಿಯ ಹೆಂಗಸರೆಲ್ಲ. ತೆರೆದ ಬಾಗಿಲಿನಿಂದ ಹುಳುಗಳು ತಾವು ಮೇಯುವ ಅಟ್ಟಣೆಯ ಕಂಬ ಹತ್ತುತ್ತಿರುವುದು ಕಾಣುತ್ತಿತ್ತು. ಚಂದ್ರಿಕೆ ಒಳಗೇ ಇಡಬೇಕು, ನಾವು ಒಳಗೇ ಹೋಗಬೇಕು. ಅದು ಎಲ್ಲರಿಗೂ ಗೊತ್ತು. ರತ್ನಮ್ಮನಿಗೂ ಗೊತ್ತು. ಆಕೆ ಹೊಸ್ತಿಲಿಗೆ ಬಂದು ನಮ್ಮನ್ನೆಲ್ಲ ಒಂದು ಸಲ ನೋಡಿ, ಮಂಜುಳನ ಕಡೆ ತಿರುಗಿದರು.

"ನಿಮ್ಮೋರಲ್ಲಿ ಚೊಕ್ಕಟವಾಗಿರೋರು ಇಬ್ರನ್ನ ನೀನೇ ಆರಿಸಿ ಕರ್ಕೊಳಮ್ಮ. ನಂಗೆ ಗೊತ್ತಾಗಲ್ಲ."

ಮಂಜುಳ ಹೊಸ್ತಿಲಲ್ಲಿ ನಿಂತಳು. ಅವಳ ಮುಂಗೈ ಮೇಲೆ ಒಂದು ಹುಳು ತಲೆ ಆಡಿಸುತ್ತಿತ್ತು. ಅವಳು ಹೆಚ್ಚು ಹುಡುಕಲಿಲ್ಲ.

"ನಮ್ಮ ಟೀಚರಮ್ಮ ಬರ್ಲಿ," ಎಂದಳು.

ಬಂತು. ಚಿಕ್ಕಂದಿನಿಂದ ಕಾದಿದ್ದ ಕರೆ ಬಂತು. ರತ್ನಮ್ಮ ಕೂಡ ಹೂಂ, ಬಾಮ್ಮ ಸುಜಾತ ಎಂದರು. ಎಲ್ಲರೂ ನನಗೆ ದಾರಿ ಬಿಟ್ಟರು. ನಾನು ಬ್ಲೀಚಿಂಗ್ ತಟ್ಟೆಯ ತನಕ ನಡೆದೆ. ಅಲ್ಲಿ ಮಂಜುಳ ನನಗೆ ಕೈ ಚಾಚಿದಳು, ಬಸ್ಸಿನ ಮೆಟ್ಟಿಲು ಹತ್ತಿಸುವವರ ಹಾಗೆ. ಆ ಕೈ ನೋಡಿದ್ದೇ ನನ್ನ ಕಾಲು ನಿಂತುಬಿಟ್ಟಿತು. ಇವಳು ಕರೆದು ನಾನು ಹೋಗುವುದೇ? ನಾಳೆಯಿಂದ ಊರೆಲ್ಲ, ಸುಜಾತಳನ್ನೂ ಮಂಜುಳನೇ ಒಳಗೆ ಸೇರಿಸಿದಳು ಎನ್ನುವುದೇ? ಇಬ್ಬರಲ್ಲಿ ಎರಡನೆಯವಳಾಗಿ ಹೋಗುವುದಕ್ಕಿಂತ ಆಚೆ ನೆನೆಯುವುದು ವಾಸಿ ಅನ್ನಿಸಿತು. ಹಾಗೆ ಅನ್ನಿಸುತ್ತಿರುವಾಗಲೇ ಇನ್ನೊಂದು ಹೊಳೆಯಿತು. ಮಂಜುಳನ ಹೆಚ್ಚುಗಾರಿಕೆ ಅಳಿಸಬೇಕಾದರೆ ನಾನೊಬ್ಬಳು ಹೋದರೆ ಸಾಲದು. ಯಾರೂ ಆಚೆ ಉಳಿಯಬಾರದು. ಎಲ್ಲರೂ ಒಳಗಿದ್ದರೆ ಒಳಗಿನವಳು ಎಂಬ ಬಿರುದು ಯಾರಿಗೆ?

"ನನ್ನನ್ನ ಆರಿಸೋಕೆ ನಾನೇನು ಹಣ್ಣುಹುಳನಾ ರತ್ನಕ್ಕ?" ಎಂದೆ. ಧ್ವನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಕರೆದ್ರೆ ಎಲ್ಲಾರ್ನೂ ಕರೀರಿ. ನಮ್ಮಜ್ಜಿನೂ ಸೇರಿ. ಇಲ್ಲಾಂದ್ರೆ ನಾವು ಮನೆಗೆ ಹೋಗ್ತೀವಿ."

 ಮನೆಗೆ ಹೋಗುವ ಮಾತನ್ನು ನಾನು ಯಾರನ್ನೂ ಕೇಳಿ ಆಡಿರಲಿಲ್ಲ. ಆದರೆ ಅಜ್ಜಿ ತಲೆಯ ಮೇಲಿನ ಗೋಣಿಚೀಲ ಸರಿಮಾಡಿಕೊಂಡು ನನ್ನ ಪಕ್ಕಕ್ಕೆ ಬಂದು ನಿಂತಳು. ಅವಳು ನಿಂತ ಮೇಲೆ ಮಿಕ್ಕವರೂ ನಿಂತರು. ರತ್ನಮ್ಮ ನನ್ನನ್ನು ನೋಡಿದ ನೋಟ ನೆನಪಿದೆ. ಅದರಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ತಲೆ ಸವರಿದ ಹುಡುಗಿ ಇವಳೇನಾ ಎಂಬ ನೋವು ಇತ್ತು. ಇಷ್ಟು ಜನ ತುಳಿದರೆ ರೋಗ ಬರುತ್ತದೆ, ನೀನೇ ಓದಿದವಳು, ನಿನಗೆ ಗೊತ್ತಿಲ್ಲವಾ ಎಂದು ಮೆಲ್ಲಗೆ ಹೇಳಿದರು. ಓದಿದ್ದರಿಂದಲೇ ಗೊತ್ತು, ಕಾಲು ತೊಳೆದರೆ ಎಲ್ಲರ ಕಾಲೂ ಒಂದೇ ಎಂದೆ. ನಾದಿನಿ ಒಳಗಿನಿಂದ, ಬೇಡ ಕಣೇ, ಹೋದರೆ ಹೋಗಲಿ ಬೆಳೆ ಎಂದು ಕೂಗಿದಳು. ರತ್ನಮ್ಮ ಹಿಂದಕ್ಕೆ ತಿರುಗಿ ಮಂಜುಳನನ್ನು ನೋಡಿದರು, ಇವಳಾದರೂ ನನ್ನ ಕಡೆ ಇದ್ದಾಳೆ ಎನ್ನುವ ಹಾಗೆ. ಮಂಜುಳ ಮುಂಗೈ ಮೇಲಿನ ಹುಳುವನ್ನು ಮೆಲ್ಲಗೆ ಚಂದ್ರಿಕೆಗೆ ಬಿಟ್ಟಳು. ಹೊಸ್ತಿಲು ದಾಟಿ ಆಚೆ ಬಂದು, ಅಜ್ಜಿಯ ಇನ್ನೊಂದು ಪಕ್ಕದಲ್ಲಿ ನಿಂತಳು.

ಮಳೆ ಸುರಿಯುತ್ತಲೇ ಇತ್ತು. ಕಂಬ ಹತ್ತಿದ ಹುಳುಗಳು ಒಂದೊಂದಾಗಿ ನೆಲಕ್ಕೆ ಉದುರುತ್ತಿದ್ದವು. ರತ್ನಮ್ಮ ಅವನ್ನು ನೋಡಿದರು, ನಮ್ಮ ಸಾಲನ್ನು ನೋಡಿದರು. ಆಮೇಲೆ ಬಗ್ಗಿ, ತಟ್ಟೆಗೆ ಇನ್ನೊಂದು ಚೊಂಬು ಬ್ಲೀಚಿಂಗ್ ನೀರು ಹುಯ್ದು, ಯಾರ ಮುಖವನ್ನೂ ನೋಡದೆ, ಬೇಗ ಬೇಗ ಬನ್ನಿ ಎಂದು ಒಳಗೆ ಹೋದರು.

ಮೊದಲು ಅಜ್ಜಿಯನ್ನು ಬಿಟ್ಟೆವು. ಅವಳು ಆ ಬಾಗಿಲಿಗೆ ಮೊದಲ ಸಲ ಸೊಪ್ಪು ಹೊತ್ತು ಬಂದಾಗ ರತ್ನಮ್ಮನ ಅತ್ತೆ ಇನ್ನೂ ಹೊಸ ಸೊಸೆ. ಬಿರುಕು ಬಿಟ್ಟ ಪಾದಗಳನ್ನು ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದು, ಹೊಸ್ತಿಲು ದಾಟಿ, ಸೊಂಟಕ್ಕೆ ಕೈ ಕೊಟ್ಟು ಮೇಲೆ ಕೆಳಗೆ ನೋಡಿದಳು. ಮೇಲೆ ಶೀಟು, ಕೆಳಗೆ ಸಿಮೆಂಟು, ಪಕ್ಕದಲ್ಲಿ ಅಟ್ಟಣೆ, ಒಂದು ತಿರುಗದ ಫ್ಯಾನು.

"ಇಂತೇನಾ?" ಎಂದಳು. ಇಷ್ಟೇನಾ ಎಂದು, ತೆಲುಗಿನಲ್ಲಿ.

ಹಿಂದೆ ಬಂದವರೆಲ್ಲ ನಕ್ಕುಬಿಟ್ಟರು. ರತ್ನಮ್ಮ ನಗಲಿಲ್ಲ. ಆದರೆ ಬುಟ್ಟಿ ತಂದು ಅಜ್ಜಿಯ ಕೈಗೆ ತಾವೇ ಕೊಟ್ಟರು.

ಮಧ್ಯಾಹ್ನ ಮೀರುವ ತನಕ ಆಯ್ದೆವು. ನಡು ಸೆಟೆದುಹೋಯಿತು, ಬಾಯಿ ಮಾತ್ರ ನಿಲ್ಲಲಿಲ್ಲ. ಹುಳು ಬಹುಪಾಲು ಉಳಿಯಿತು. ಹಾಲುರೋಗ ಬರಲಿಲ್ಲ. ಅದಾದ ಮೇಲೆ ಆ ಮನೆ ಸ್ವರ್ಗವಾಯಿತು ಎಂದು ಹೇಳಿದರೆ ನೀವು ನಂಬಬೇಡಿ. ಹುಳುಮನೆಯ ಬಾಗಿಲು ಹಾಗೇ ತೆರೆದುಕೊಂಡಿತು, ಈಗಲೂ ನಮ್ಮವರು ಹೋಗಿಬರುತ್ತಾರೆ. ಅಡುಗೆಮನೆಯ ಬಾಗಿಲು ಅಲ್ಲೇ ಹತ್ತು ಹೆಜ್ಜೆಯಲ್ಲಿದೆ, ಅದು ತೆರೆಯಲಿಲ್ಲ. ನಾದಿನಿ ಮಾರನೆಯ ದಿನವೇ ತನ್ನ ಊರಿಗೆ ಹೊರಟುಹೋದಳು. ರತ್ನಮ್ಮ ಸುಮಾರು ದಿನ ನನ್ನ ಹೆಸರು ಹಿಡಿದು ಮಾತಾಡಿಸಲಿಲ್ಲ. ಕಾಲೊನಿಯಲ್ಲಿ ಮಾತ್ರ ನಾನು ದೊಡ್ಡ ಹೋರಾಟಗಾರ್ತಿ. ಸಂಘದ ಹುಡುಗರು ಬಂದು ಶಾಲು ಹೊದಿಸಿ, ಸಮಾನತೆಯ ಬಗ್ಗೆ ನಾಲ್ಕು ಮಾತಾಡಿ ಅಕ್ಕ ಎಂದರು. ಆಡಿದೆ. ಅಜ್ಜಿ ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತ, ಏನು ಬೇಯಿತು ಎಂದು ತನಗೆ ಗೊತ್ತಿರುವವಳ ಹಾಗೆ ನಗುತ್ತಿದ್ದಳು.

ಆದರೆ ಶಾಲಿಗೂ ಮುಂಚೆ, ಆ ಸಂಜೆಯೇ ಒಂದು ನಡೆಯಿತು. ಮಳೆ ನಿಂತಿತ್ತು. ಎಲ್ಲರೂ ಮುಂದೆ ಹೋಗಿದ್ದರು, ನಾನೂ ಮಂಜುಳನೂ ಹಿಂದೆ. ಬದುವಿನ ಮೇಲೆ ಜಾರುತ್ತಿತ್ತು, ಕಾಲೂರಿ ಕಾಲೂರಿ ನಡೆಯುತ್ತಿದ್ದೆವು. ಅವಳ ಬಿರುದು ಕಿತ್ತುಕೊಂಡೆನಲ್ಲ, ಸಿಟ್ಟಾಗಿರುತ್ತಾಳೆ ಎಂದು ನಾನು ಒಳಗೊಳಗೆ ಕಾಯುತ್ತಿದ್ದೆ. ನಿಜ ಹೇಳಬೇಕೆಂದರೆ ಸ್ವಲ್ಪ ಸಿಟ್ಟಾಗಲಿ ಎಂದು ಬಯಸುತ್ತಿದ್ದೆ. ಕಡೆಗೆ ನಾನೇ ಕೆದಕಿದೆ. ಇಷ್ಟು ಜನರಲ್ಲಿ ನನ್ನ ಹೆಸರೇ ಯಾಕೆ ಹೇಳಿದೆ, ನಾನು ನಿನ್ನ ಹತ್ತಿರ ನೆಟ್ಟಗೆ ಮಾತೇ ಆಡುವುದಿಲ್ಲವಲ್ಲ ಎಂದೆ.

ಮಂಜುಳ ಚಪ್ಪಲಿಯ ಕೆಸರನ್ನು ಕಲ್ಲಿಗೆ ಒರೆಸಿದಳು.

"ಎರಡು ಬೆಳೆ ಒಳಗಿದ್ದೆ ಟೀಚರಮ್ಮ. ಹುಳ ಮೇಯೋ ಸದ್ದು ಬಿಟ್ರೆ ಬೇರೆ ಸದ್ದಿಲ್ಲ. ಕಾಫಿ ಕೊಡೋರು, ಹೂವು ಕೊಡೋರು, ಒಂದು ಮಾತು ಕೊಡ್ತಿರ್ಲಿಲ್ಲ. ನೀವೆಲ್ಲ ಆಚೆ ನಗೋದು ಕೇಳಿಸ್ತಿತ್ತು. ನಂಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ?"

ಇಷ್ಟು ಹೇಳಿ ಅವಳು ಮುಂದೆ ನಡೆದಳು. ನಾನು ಬದುವಿನ ಮೇಲೆಯೇ ನಿಂತೆ. ಇಡೀ ಮಳೆಗಾಲ ಉರಿದು ಸತ್ತವಳು ನಾನು, ಆ ಉರಿಯ ಒಡತಿ ನಾನು. ಅದರಲ್ಲೂ ಇವಳಿಗೆ ಪಾಲು, ಅದೂ ನನಗೆ ಹತ್ತಿಕೊಂಡ ದಿನದಿಂದಲೇ ಎಂದು ತಿಳಿದಾಗ, ಹೇಳಿದರೆ ನಗುತ್ತೀರಿ, ನನಗೆ ಇನ್ನೊಂದು ಸಲ ಹೊಟ್ಟೆ ಉರಿಯಿತು. ಆಮೇಲೆ ಸೀರೆ ಎತ್ತಿ ಕಟ್ಟಿ, ಅತ್ತಿಗೆ ನಿಲ್ಲೇ ಎಂದು ಕೂಗುತ್ತ, ಅವಳ ಹಿಂದೆ ಓಡಿದೆ.